ಯುವಾನ್‌ಯಾಂಗ್ ಮೆಟ್ಟಿಲು ಗದ್ದೆಗಳಲ್ಲಿ ಊರಿನವರ ಜೊತೆ ನಡಿಗೆ: ದುಡ್ಡಿಗೆ ಮೋಸ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿರುವ ಯುವಾನ್‌ಯಾಂಗ್ ಕೌಂಟಿಯ (ನಮ್ಮ ತಾಲೂಕಿನಂಥದ್ದು) ಮೆಟ್ಟಿಲು ಗದ್ದೆಗಳನ್ನು ಬಹಳ ಜನ ಒಂದೇ ಥರ ನೋಡುತ್ತಾರೆ. ಬೆಳಗಿನ ಜಾವ ದುವೊಯಿಶುವಿನಲ್ಲಿ ಸೂರ್ಯೋದಯ, ಸಂಜೆ ಬಾದಾ ಅಥವಾ ಲಾವ್‌ಹುಜುಯಿಯಲ್ಲಿ ಸೂರ್ಯಾಸ್ತ, ನಡುವೆ ಬಸ್ಸು, ಮೊಬೈಲ್ ತುಂಬಾ ಫೋಟೋ, ಮುಗಿಯಿತು. ನೋಟ ಅದ್ಭುತವಾಗಿರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ವ್ಯೂ ಪಾಯಿಂಟ್ ಮೇಲೆ ನಿಂತರೆ ಕಾಣುವುದು ಗದ್ದೆಯಲ್ಲಿ ನಿಂತ ನೀರು ಮಾತ್ರ. ಆ ನೀರು ಎಲ್ಲಿಂದ ಬಂತು, ಯಾರು ಬಿಟ್ಟರು, ಮೇಲಿನ ಗದ್ದೆಯವನು ಕೆಳಗಿನವನಿಗೆ ಯಾಕೆ ಬಿಟ್ಟುಕೊಟ್ಟ, ಇದ್ಯಾವುದೂ ಅಲ್ಲಿಂದ ಗೊತ್ತಾಗುವುದಿಲ್ಲ. ಈ ಕೌಂಟಿಯ ಭೂಗೋಳ, ಇತಿಹಾಸ ಎರಡೂ ಅಡಗಿರುವುದು ಈ ಪ್ರಶ್ನೆಗಳಲ್ಲೇ. ಅದನ್ನು ನಡೆಸಿಕೊಂಡು ಹೋಗಿ ತೋರಿಸುವ ಒಂದು ಸೇವೆಯ ಬಗ್ಗೆ ಈ ವಿಮರ್ಶೆ. 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಳೆದೆ ಅನ್ನುವುದೂ ಮುಂದೆ ಇದೆ.

ಸೇವೆ ಏನು ಅಂದರೆ, ದುವೊಯಿಶು ಗದ್ದೆಗಳ ಮೇಲಿರುವ ಪುಗಾವ್‌ಲಾವ್ ಹಳ್ಳಿಯ ಒಂದು ಹೋಮ್‌ಸ್ಟೇ ಮನೆಯವರು ತಮ್ಮ ಅತಿಥಿಗಳಿಗೆ ಮಾಡಿಕೊಡುವ ಕಾಲ್ನಡಿಗೆ. ಬೆಳಗ್ಗೆ ಊರಿನ ಮೇಲಿನ ಕಾಡಿನಿಂದ ಶುರು. ಕಾಲುವೆ ಹಿಡಿದು ಊರಿಗೆ, ಊರಿನಿಂದ ಗದ್ದೆ ಬದುಗಳ ಮೇಲೆ ಅಜೆಕೆ ಅನ್ನುವ ಹಳ್ಳಿಗೆ, ಅಲ್ಲಿ ಊಟ, ಆಮೇಲೆ ವ್ಯಾನಿನಲ್ಲಿ ಕೆಳಗಿನ ನದಿ ಕಣಿವೆವರೆಗೆ. ಅಂದರೆ ನೀರು ಇಳಿಯುವ ದಾರಿಯಲ್ಲೇ ನಾವೂ ಇಳಿಯುತ್ತೇವೆ. ಮನೆಯ ಹೆಸರು ಹಾಕುತ್ತಿಲ್ಲ. ತೀರಾ ಚಿಕ್ಕ ಮಟ್ಟದಲ್ಲಿ ನಡೆಸುವವರು, ಒಟ್ಟಿಗೆ ನಾಲ್ಕು ಬುಕಿಂಗ್ ಬಂದರೆ ಕಷ್ಟ. ಆ ಭಾಗದ ಹೋಮ್‌ಸ್ಟೇಗಳಲ್ಲಿ ವಿಚಾರಿಸಿದರೆ ಇಂಥದ್ದು ಬೇರೆಯವರೂ ಮಾಡಿಕೊಡುತ್ತಾರೆ. ಮಾರ್ಗದರ್ಶಿ ಹನಿ ಜನಾಂಗದ ಹಿರಿಯರೊಬ್ಬರು, ಸ್ವಂತ ಗದ್ದೆ ಇರುವ ರೈತ. ಅವರಿಗೆ ಚೀನೀ ಭಾಷೆಯೇ ಎರಡನೇ ಭಾಷೆ. ಇಂಗ್ಲಿಷ್ ಬರುವ ಅವರ ಅಣ್ಣನ ಮಗಳು ಜೊತೆಗೆ ಬರುತ್ತಾಳೆ. ಅವಳು 'ಚಿಕ್ಕಪ್ಪ, ನಿಧಾನ' ಅನ್ನುತ್ತಲೇ ಇರಬೇಕು, ಅವರು ಅಷ್ಟು ಬೇಗ ನಡೆಯುತ್ತಾರೆ.

ಜಾಗದ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ಅರ್ಥ ಆಗುವುದಿಲ್ಲ. ಯುವಾನ್‌ಯಾಂಗ್ ಇರುವುದು ಯುನ್ನಾನಿನ ದಕ್ಷಿಣ ಭಾಗದಲ್ಲಿ, ಹೊಂಗ್‌ಹೆ ಹನಿ ಮತ್ತು ಯಿ ಸ್ವಾಯತ್ತ ಪ್ರಿಫೆಕ್ಚರ್‌ನಲ್ಲಿ (ಜಿಲ್ಲೆಯಂಥದ್ದು), ಐಲಾವ್ ಪರ್ವತಸಾಲಿನ ಮೈಮೇಲೆ. ಉತ್ತರದ ಅಂಚಿನಲ್ಲಿ ಕೆಂಪು ನದಿ ಹರಿಯುತ್ತದೆ, ಮುಂದೆ ವಿಯೆಟ್ನಾಮ್‌ಗೆ ಹೋಗಿ ಹನೋಯಿ ಪಕ್ಕದಲ್ಲಿ ಸಾಗಿ ಸಮುದ್ರ ಸೇರುವ ಅದೇ ನದಿ. ಕೌಂಟಿಯ ಅತಿ ತಗ್ಗಿನ ಜಾಗ ಸಮುದ್ರಮಟ್ಟದಿಂದ ಬರೀ 144 ಮೀಟರ್ ಎತ್ತರದಲ್ಲಿದೆ, ಅತಿ ಎತ್ತರದ ಶಿಖರ 2,939 ಮೀಟರ್. ಸುಮಾರು 2,200 ಚದರ ಕಿಲೋಮೀಟರ್ ಒಳಗೆ ಇಷ್ಟು ಏರಿಳಿತ. ಸಮತಟ್ಟು ನೆಲ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಕೆಳಗೆ ಕಣಿವೆಯಲ್ಲಿ ಬಾಳೆ, ಮಾವು, ಕಬ್ಬು ಬೆಳೆಯುವ ಬಿಸಿ. ಮೇಲೆ ಕಾಡಿನ ಅಂಚಿನಲ್ಲಿ ನಿಂತರೆ ಸ್ವೆಟರ್ ಹಾಕಿದ್ದರೂ ಚಳಿ. ಬೆಳಗ್ಗೆ ಒಂದು ಋತು, ಸಂಜೆ ಇನ್ನೊಂದು ಋತು, ಒಂದೇ ದಿನದಲ್ಲಿ.

ಈ ಏರಿಳಿತವೇ ಇಲ್ಲಿನ ನೀರಿನ ಮೂಲ. ಕಣಿವೆಯ ಬಿಸಿಗೆ ನದಿಯಿಂದ ಆವಿ ಏಳುತ್ತದೆ, ಇಳಿಜಾರು ಹತ್ತುತ್ತಾ ತಣ್ಣಗಾಗುತ್ತದೆ, ಮಂಜಾಗಿ ಮಳೆಯಾಗಿ ಮೇಲಿನ ಕಾಡಿಗೆ ಬೀಳುತ್ತದೆ. ಕಾಡಿನ ನೆಲ ಅದನ್ನು ಹೀರಿಕೊಂಡು ವರ್ಷವಿಡೀ ಝರಿಯಾಗಿ ಬಿಡುತ್ತದೆ. ಝರಿ ಕಾಲುವೆಗೆ, ಕಾಲುವೆ ಊರಿಗೆ, ಊರಿನಿಂದ ಗದ್ದೆಗೆ, ಗದ್ದೆಯಿಂದ ಗದ್ದೆಗೆ ಇಳಿದು ಕೊನೆಗೆ ಮತ್ತೆ ನದಿಗೆ. ಇದನ್ನು ಯಾವುದೋ ಫಲಕದಲ್ಲಿ ಓದಿದರೆ ಶಾಲೆಯ ಜಲಚಕ್ರದ ಪಾಠದ ಥರ ಇರುತ್ತದೆ. ಕಾಡಿನೊಳಗೆ ನಿಂತಾಗ ಹಾಗಲ್ಲ. ಮಳೆ ಬಂದಿರಲಿಲ್ಲ, ಆದರೂ ಮರದ ಹಾವಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿರಿಯರು ಕಾಲಲ್ಲಿ ಎಲೆಗೊಬ್ಬರ ಸರಿಸಿ ನೆಲ ಒತ್ತಿ ತೋರಿಸಿದರು, ನೀರು ಜಿನುಗಿತು. 'ನಮ್ಮ ಕೆರೆ ಇದೇ' ಅಂದರು. ಅದು ನಿಜವೇ. ಈ ಗದ್ದೆಗಳ ಮೇಲೆ ಅಣೆಕಟ್ಟು ಇಲ್ಲ, ಪಂಪು ಇಲ್ಲ, ನೀರು ಕೂಡಿಡುವ ಕೆಲಸ ಕಾಡಿನದು. ಅದಕ್ಕೇ ಕಾಡಿಗೆ ಕೊಡಲಿ ಹಾಕುವುದಕ್ಕೆ ಇಲ್ಲಿ ಅಷ್ಟು ಕಟ್ಟುಪಾಡು. ಪ್ರತಿ ಹಳ್ಳಿಗೂ ಮೇಲ್ಗಡೆ ಒಂದು ದೇವರ ಕಾಡು ಇದೆ. ವರ್ಷದ ಆರಂಭದಲ್ಲಿ ಆಂಗ್‌ಮಾತು ಅನ್ನುವ ಹಬ್ಬದಲ್ಲಿ ಅಲ್ಲಿ ಪೂಜೆ, ಆಮೇಲೆ ಊರಿನ ಬೀದಿಯುದ್ದಕ್ಕೂ ಮೇಜು ಜೋಡಿಸಿ ಎಲ್ಲರೂ ಸೇರಿ ಊಟ. ದೇವರ ಕಾಡಿನೊಳಗೆ ನಮ್ಮನ್ನು ಬಿಡಲಿಲ್ಲ, ಹೊರಗಿನಿಂದಲೇ ತೋರಿಸಿದರು. ಅದು ಸರಿಯಾದ ಕ್ರಮ. ದುಡ್ಡು ಕೊಟ್ಟಿದ್ದೀವಿ ಅಂತ ಒಳಗೆ ಬಿಡಿ ಅನ್ನಬಾರದು.

ಕಾಲುವೆ ಹಿಡಿದು ನಡೆಯುವ ಭಾಗ ಇಡೀ ದಿನದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಯುನೆಸ್ಕೋ 2013ರಲ್ಲಿ ಈ ಗದ್ದೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ದಾಖಲಿಸಿದ ಲೆಕ್ಕ ಹೀಗಿದೆ: 16,603 ಹೆಕ್ಟೇರ್ ಪ್ರದೇಶ, 82 ಹಳ್ಳಿಗಳು, 4 ಮುಖ್ಯ ಕಾಲುವೆಗಳು, 392 ಉಪಕಾಲುವೆಗಳು, ಕಾಲುವೆಗಳ ಒಟ್ಟು ಉದ್ದ ಸುಮಾರು 446 ಕಿಲೋಮೀಟರ್. ಯಂತ್ರ ಇಲ್ಲದ ಕಾಲದಲ್ಲಿ ಗುಡ್ಡದ ಮೈಯನ್ನು ಬಳಸಿ ಬಳಸಿ, ನೀರು ನಿಲ್ಲದಷ್ಟು ಇಳಿಜಾರು, ಮಣ್ಣು ಕೊಚ್ಚಿಹೋಗದಷ್ಟು ನಿಧಾನ, ಎರಡನ್ನೂ ಅಂದಾಜಿನಲ್ಲೇ ಹಿಡಿದು ತೋಡಿದ ಕಾಲುವೆಗಳು. ಕೆಲವು ಕಡೆ ಬಂಡೆ ಕೊರೆದಿದ್ದಾರೆ. ಒಂದು ಪಾದ ಹಿಡಿಯುವಷ್ಟು ಅಗಲದ ಏರಿಯ ಮೇಲೆ ನಡೆಯುತ್ತಾ ಪಕ್ಕದಲ್ಲಿ ಸದ್ದಿಲ್ಲದೆ ಹರಿಯುವ ನೀರು ನೋಡಿದರೆ ಆ ಅಂದಾಜು ಎಷ್ಟು ಕರಾರುವಾಕ್ಕು ಅಂತ ಗೊತ್ತಾಗುತ್ತದೆ.

ಒಂದು ಕವಲಿನಲ್ಲಿ ಹಿರಿಯರು ಕೂತುಬಿಟ್ಟರು, ನಮ್ಮನ್ನೂ ಕೂರಿಸಿದರು. ಕಾಲುವೆಗೆ ಅಡ್ಡಲಾಗಿ ಒಂದು ದಪ್ಪ ಮರದ ತುಂಡು ಇಟ್ಟಿದ್ದಾರೆ. ಅದರ ಮೇಲೆ ಬೇರೆಬೇರೆ ಅಗಲದ ಕಚ್ಚುಗಳು. ಅಗಲದ ಕಚ್ಚಿನಿಂದ ಜಾಸ್ತಿ ನೀರು ಒಂದು ದಿಕ್ಕಿಗೆ, ಕಿರಿದಾದದ್ದರಿಂದ ಕಡಿಮೆ ನೀರು ಇನ್ನೊಂದು ದಿಕ್ಕಿಗೆ. ಕೆಲವು ಕಡೆ ಮರದ ಬದಲು ಕಲ್ಲು. ಕಾಲುವೆ ತೋಡುವಾಗ ಯಾರ ಕಡೆಯವರು ಎಷ್ಟು ದುಡಿದರು, ಯಾರಿಗೆ ಎಷ್ಟು ಗದ್ದೆ ಇದೆ ಅನ್ನುವುದರ ಮೇಲೆ ಎಲ್ಲರೂ ಕೂತು ಕಚ್ಚಿನ ಅಗಲ ತೀರ್ಮಾನಿಸುತ್ತಾರೆ. ಒಮ್ಮೆ ಕೆತ್ತಿದ ಮೇಲೆ ರಾತ್ರೋರಾತ್ರಿ ಯಾರೂ ಅದನ್ನು ಅಗಲ ಮಾಡುವಂತಿಲ್ಲ, ಮಾಡಿದರೆ ದಂಡ. ಇದನ್ನು ನೋಡಿಕೊಳ್ಳಲು ಊರಿನವರೇ ಆರಿಸಿದ ನೀರುಗಂಟಿ ಇರುತ್ತಾನೆ. ಕಾಲುವೆಯ ಕಸ ತೆಗೆಯುವುದು, ಏರಿ ಒಡೆದರೆ ಜನ ಸೇರಿಸುವುದು, ಜಗಳ ಬಿಡಿಸುವುದು ಅವನ ಕೆಲಸ. ಅವನ ಕೂಲಿಯನ್ನು ನೀರು ಪಡೆಯುವವರು ಹಿಂದೆ ಭತ್ತದಲ್ಲೇ ಅಳೆದು ಕೊಡುತ್ತಿದ್ದರು.

ಇಡೀ ಯುವಾನ್‌ಯಾಂಗ್ ಅನ್ನು ನನಗೆ ಅರ್ಥ ಮಾಡಿಸಿದ್ದು ಆ ಮರದ ತುಂಡೇ. ಇಲ್ಲಿ ಮೇಲಿರುವವನು ಮನಸ್ಸು ಮಾಡಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಮೇಲಿನವನು ತನ್ನ ಬದು ಸರಿ ಮಾಡದಿದ್ದರೆ ಅದು ಕುಸಿದು ಕೆಳಗಿನ ಹತ್ತು ಗದ್ದೆ ಹಾಳು. ಇಂಥ ಕಡೆ ಒಬ್ಬನೇ ಗದ್ದೆ ಮಾಡಲು ಸಾಧ್ಯವೇ ಇಲ್ಲ. ಗದ್ದೆ ಕೊರೆಯುವ ಕೌಶಲ ಎಷ್ಟು ದೊಡ್ಡದೋ, ಶತಮಾನಗಟ್ಟಲೆ ಜಗಳವಾಡದೆ, ಆಡಿದರೂ ಬಗೆಹರಿಸಿಕೊಂಡು, ನೀರು ಹಂಚಿಕೊಂಡದ್ದು ಅಷ್ಟೇ ದೊಡ್ಡದು. ವ್ಯೂ ಪಾಯಿಂಟ್ ಟಿಕೆಟ್ಟಿನಲ್ಲಿ ಇದು ಸಿಗುವುದಿಲ್ಲ, ಈ ನಡಿಗೆಗೆ ನಾಲ್ಕು ಅಂಕ ಬಂದಿರುವುದು ಮುಖ್ಯವಾಗಿ ಇದಕ್ಕೆ.

ಇತಿಹಾಸ ಹೇಳುವ ರೀತಿಯೂ ಚೆನ್ನಾಗಿತ್ತು. ಇಸವಿಗಳ ಪಟ್ಟಿ ಒಪ್ಪಿಸಲಿಲ್ಲ. ಹನಿ ಜನ ತಮ್ಮ ಪೂರ್ವಿಕರು ಉತ್ತರದ ಎತ್ತರದ ಪ್ರದೇಶದಿಂದ ದಕ್ಷಿಣಕ್ಕೆ ಬಂದವರು ಅನ್ನುತ್ತಾರೆ. ಅವರ ಭಾಷೆ ಟಿಬೆಟ್-ಬರ್ಮಾ ಕುಟುಂಬದ್ದು. ಸಾಂಪ್ರದಾಯಿಕವಾಗಿ ಲಿಪಿ ಇರಲಿಲ್ಲ, ರೋಮನ್ ಅಕ್ಷರದ ಲಿಪಿ ಬಂದದ್ದು 1950ರ ದಶಕದಲ್ಲಿ. ಹಾಗಾಗಿ ವಲಸೆಯ ಕಥೆ, ವಂಶಾವಳಿ, ಬೇಸಾಯದ ಲೆಕ್ಕ ಎಲ್ಲವೂ ಹಾಡಿನಲ್ಲೇ ಉಳಿದವು. ಯಾವ ತಿಂಗಳಲ್ಲಿ ಬದು ಕಟ್ಟಬೇಕು, ಯಾವಾಗ ಸಸಿಮಡಿ, ಯಾವಾಗ ನಾಟಿ ಅಂತ ಋತುವಾರು ಹೇಳುವ ಉದ್ದದ ಹಾಡಿನ ಪರಂಪರೆ ಇದೆ, 2006ರಲ್ಲಿ ಅದು ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆ ಪಟ್ಟಿಗೆ ಸೇರಿತು. ಹಿರಿಯರು ಬದುವಿನ ಮೇಲೆ ನಡೆಯುತ್ತಲೇ ಅದರ ಒಂದು ತುಣುಕು ಹಾಡಿದರು. ಯಾರೂ ಕೇಳಿರಲಿಲ್ಲ, ಅಲ್ಲಿ ನಾಟಿಯ ವಿಷಯ ಬಂತು, ಹಾಡಿದರು ಅಷ್ಟೇ. ಪ್ರವಾಸಿಗರಿಗಾಗಿ ವೇದಿಕೆ ಕಟ್ಟಿ ತೋರಿಸುವ ಕುಣಿತಕ್ಕಿಂತ ಇದು ಎಷ್ಟೋ ಮೇಲು.

ಈ ಗದ್ದೆಗಳಿಗೆ ಸುಮಾರು 1,300 ವರ್ಷಗಳ ಇತಿಹಾಸ ಹೇಳುತ್ತಾರೆ. ಅಂದರೆ ಟಾಂಗ್ ರಾಜರ ಕಾಲ. ಆಮೇಲೆ ಬಹಳ ಕಾಲ ಇಲ್ಲಿ ಚಕ್ರವರ್ತಿಯ ನೇರ ಅಧಿಕಾರಿಗಳು ಇರಲಿಲ್ಲ, ತುಸಿ ಎಂಬ ಸ್ಥಳೀಯ ವಂಶಪಾರಂಪರ್ಯದ ಒಡೆಯರೇ ಆಳಿದರು. ಚಕ್ರವರ್ತಿ ಮುದ್ರೆ ಕೊಡುತ್ತಿದ್ದ, ಇವರು ಕಂದಾಯ ಎತ್ತುತ್ತಿದ್ದರು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ 1950ರ ಆಸುಪಾಸಿನಲ್ಲಿ ಕೌಂಟಿ ರಚನೆಯಾಯಿತು, 1951ರಿಂದ ಯುವಾನ್‌ಯಾಂಗ್ ಎಂಬ ಹೆಸರು. ಪಾನ್‌ಜಿಹುವಾ ಅನ್ನುವ ಕಡೆ ಮೆಂಗ್‌ನೊಂಗ್ ತುಸಿಯ ಹಳೆಯ ಕಚೇರಿ ಕಟ್ಟಡ ಈಗಲೂ ಇದೆ. ಬುಕ್ ಮಾಡುವಾಗ ಅದನ್ನೂ ತೋರಿಸುತ್ತೇವೆ ಅಂದಿದ್ದರು. ತೋರಿಸಲಿಲ್ಲ. ದಾರಿ ಸುತ್ತು, ಹೊತ್ತಾಗುತ್ತದೆ ಅಂದರು. ಆಗದು ಅಂತ ಮೊದಲೇ ಹೇಳಿದ್ದರೆ ನಾವು ಬೇರೆ ದಿನ ಗಾಡಿ ಮಾಡಿಕೊಂಡು ಹೋಗುತ್ತಿದ್ದೆವು. ಕಳೆದ ಅಂಕದಲ್ಲಿ ಅರ್ಧ ಇದಕ್ಕೆ. ಈ ಕೌಂಟಿಯ ಇತಿಹಾಸದಲ್ಲಿ ಬೆವರು ಸುರಿಸಿದವರ ಭಾಗ ಎಲ್ಲ ಕಡೆ ಕಾಣುತ್ತದೆ, ಕಂದಾಯ ಎತ್ತಿದವರ ಭಾಗ ಕಾಣುವ ಜಾಗ ಅದೊಂದೇ. ಅದನ್ನು ಬಿಟ್ಟರೆ ಕಥೆ ಅರ್ಧ ಆಗುತ್ತದೆ, ಅಲ್ವಾ?

ಊರಿನೊಳಗೆ ಬಂದಾಗ ಮನೆಗಳ ಕಡೆ ಗಮನ ಹೋಗುತ್ತದೆ. ಅಣಬೆ ಮನೆ ಅಂತಲೇ ಇವು ಪ್ರಸಿದ್ಧ. ಕಲ್ಲಿನ ಅಡಿಪಾಯ, ಮಣ್ಣಿನ ಗೋಡೆ, ಮೇಲೆ ದಪ್ಪ ಹುಲ್ಲಿನ ಮಾಡು. ಕೆಳಗೆ ಕೊಟ್ಟಿಗೆ, ನಡುವೆ ಜನ, ಮೇಲೆ ಅಟ್ಟದಲ್ಲಿ ಭತ್ತ. ಒಲೆಯ ಹೊಗೆ ಅಟ್ಟಕ್ಕೆ ಏರಿ ಧಾನ್ಯ ಒಣಗಿಸುತ್ತದೆ, ಮಾಡಿನ ಹುಲ್ಲಿಗೂ ಹುಳ ಬೀಳುವುದಿಲ್ಲ. ಈಗ ಹುಲ್ಲಿನ ಮಾಡು ಬಹಳ ಮನೆಗಳಲ್ಲಿ ಇಲ್ಲ, ಕಾಂಕ್ರೀಟ್ ಬಂದಿದೆ. ಅದನ್ನು ನೋಡಿ ಬೇಜಾರಾಗುವ ಪ್ರವಾಸಿಗರನ್ನು ಕಂಡೆ. ನನಗೆ ಹಾಗೆ ಅನ್ನಿಸಲಿಲ್ಲ. ಸೋರದ ಮನೆ ಬೇಕು ಅನ್ನುವುದು ಯಾರಿಗಾದರೂ ಇರುವ ಆಸೆ. ಯುವಾನ್‌ಯಾಂಗ್ ರಾಷ್ಟ್ರ ಮಟ್ಟದ ಬಡ ಕೌಂಟಿಗಳ ಪಟ್ಟಿಯಿಂದ ಹೊರಬಂದದ್ದೇ 2020ರಲ್ಲಿ.

ಊರಿನ ಕೆಳ ಅಂಚಿನಲ್ಲಿ ಒಂದು ಗೊಬ್ಬರದ ಹೊಂಡ ಇದೆ. ಫೋಟೋದಲ್ಲಿ ಯಾರೂ ಹಾಕದ ಜಾಗ ಇದು, ಮಾರ್ಗದರ್ಶಿ ಮಾತ್ರ ಹತ್ತು ನಿಮಿಷ ಅಲ್ಲೇ ನಿಲ್ಲಿಸಿದರು. ದನ, ಹಂದಿಗಳ ಸಗಣಿ ಗೊಬ್ಬರ ಅಲ್ಲಿ ಕೊಳೆಯುತ್ತದೆ. ನಾಟಿಗೆ ಮುಂಚೆ ಹೊಂಡ ಒಡೆದು ಕಾಲುವೆ ನೀರು ಹಾಯಿಸಿದರೆ ಗೊಬ್ಬರ ನೀರಿನ ಜೊತೆಗೇ ಇಳಿದು ಗದ್ದೆ ಸೇರುತ್ತದೆ. ಯಾರ ಸರದಿ ಅನ್ನುವುದು ಗೊತ್ತಿರುತ್ತದೆ, ಆ ಹೊತ್ತಿಗೆ ಬೇರೆಯವರು ತಮ್ಮ ಗದ್ದೆಯ ಬಾಯಿ ಮುಚ್ಚಿಕೊಳ್ಳುತ್ತಾರೆ. ಬುಟ್ಟಿಗಟ್ಟಲೆ ಗೊಬ್ಬರವನ್ನು ಕಡಿದಾದ ಇಳಿಜಾರಿನಲ್ಲಿ ಹೊತ್ತು ಇಳಿಸುವ ಕೆಲಸ ತಪ್ಪಿತು. ಕಾಡು ಮೇಲೆ, ಊರು ನಡುವೆ, ಗದ್ದೆ ಕೆಳಗೆ ಯಾಕೆ ಇವೆ ಅನ್ನುವುದಕ್ಕೆ ಇಷ್ಟು ನೇರ ಉತ್ತರ ಬೇರೆ ಎಲ್ಲೂ ಸಿಗಲಿಲ್ಲ.

ಎತ್ತರದ ಲೆಕ್ಕದಲ್ಲಿ ಜನರೂ ಹಂಚಿಹೋಗಿದ್ದಾರೆ. ಕೆಳಗೆ ನದಿ ಪಕ್ಕ ದಾಯ್ ಜನ, ಅದಕ್ಕಿಂತ ಮೇಲೆ ಜುವಾಂಗ್, ಆಮೇಲೆ ಯಿ, ಹನಿ, ಇನ್ನೂ ಮೇಲೆ ಮ್ಯಾವೊ ಮತ್ತು ಯಾವೊ. ಪೇಟೆಗಳಲ್ಲಿ ಚೀನಾದ ಬಹುಸಂಖ್ಯಾತರಾದ ಹಾನ್ ಜನ. ಸಂತೆಯ ದಿನ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸಂತೆ ವಾರದ ಲೆಕ್ಕದಲ್ಲಿ ಬರುವುದಿಲ್ಲ, ಚೀನೀ ಪಂಚಾಂಗದ 12 ಪ್ರಾಣಿಗಳ ಹೆಸರಿನ ದಿನಗಳ ಲೆಕ್ಕ. ಮನೆಯವರನ್ನು ಕೇಳಿ ಸಂತೆ ದಿನ ಸಿಗುವ ಹಾಗೆ ಬುಕ್ ಮಾಡಿ. ಹೆಂಗಸರು ಅಲ್ಲಿಗೆ ಕಸೂತಿ ಬಟ್ಟೆ ಹಾಕಿಕೊಂಡು ಬರುವುದು ನಿಮಗೆ ತೋರಿಸಲಿಕ್ಕೆ ಅಲ್ಲ, ಅದು ಅವರ ದಿನನಿತ್ಯದ ಉಡುಪು. ಕೇಳದೆ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ.

ಗದ್ದೆಗೆ ಬರೋಣ. ವರ್ಷಕ್ಕೆ ಒಂದೇ ಬೆಳೆ. ಏಪ್ರಿಲ್, ಮೇ ಹೊತ್ತಿಗೆ ನಾಟಿ, ಸೆಪ್ಟೆಂಬರ್ ಸುಮಾರಿಗೆ ಕೊಯ್ಲು. ಕೊಯ್ಲಾದ ಮೇಲೆ ಗದ್ದೆ ಒಣಗಲು ಬಿಡುವುದಿಲ್ಲ, ಚಳಿಗಾಲವಿಡೀ ನೀರು ನಿಲ್ಲಿಸುತ್ತಾರೆ. ಒಣಗಿದರೆ ಮಣ್ಣಿನ ಬದು ಬಿರುಕು ಬಿಟ್ಟು ಕುಸಿಯುತ್ತದೆ. ಫೋಟೋದಲ್ಲಿ ಕಾಣುವ ಆ ಹೊಳಪಿಗೆ ಕಾರಣ ಇದೇ. ಕೆಲವು ಗದ್ದೆಗಳ ಮೇಲೆ ಕೆಂಪು ಬಣ್ಣದ ಪಾಚಿಯಂಥ ಅಜೋಲಾ ಹರಡಿರುತ್ತದೆ, ಅದು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ನೀರಿನಲ್ಲಿ ಮೀನು, ಹಾವುಮೀನು, ಮೇಲೆ ಬಾತುಕೋಳಿ. ಬೆಳೆಯುವುದು ಇಲ್ಲಿನದೇ ಕೆಂಪಕ್ಕಿ. ಇಳುವರಿ ಕಡಿಮೆ, ಆದರೆ ಈ ಎತ್ತರ, ಈ ಚಳಿ, ಈ ಮಣ್ಣಿಗೆ ಒಗ್ಗಿದ ತಳಿಗಳು.

ತಳಿ ಅಂದಾಗ ಒಂದು ವಿಷಯ ಹೇಳಲೇಬೇಕು. ನದಿಯ ಆಚೆ ದಡದ ಕಡೆ, ಇದೇ ಪ್ರಿಫೆಕ್ಚರ್‌ನ ಜಿಯಾನ್‌ಶುಯಿ ಮತ್ತು ಶಿಪಿಂಗ್ ಕೌಂಟಿಗಳಲ್ಲಿ, 1998 ಮತ್ತು 1999ರಲ್ಲಿ ಯುನ್ನಾನ್ ಕೃಷಿ ವಿಶ್ವವಿದ್ಯಾಲಯದ ಝು ಯೌಯೊಂಗ್ ಮತ್ತು ಸಂಗಡಿಗರು ಸಾವಿರಾರು ರೈತರ ಗದ್ದೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಹೈಬ್ರಿಡ್ ಭತ್ತದ ಸಾಲುಗಳ ನಡುವೆ ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಸ್ಥಳೀಯ ಅಂಟು ಅಕ್ಕಿಯ ತಳಿ ಬೆರೆಸಿ ನೆಟ್ಟರು. ಅಂಟು ಅಕ್ಕಿಯನ್ನೊಂದೇ ನೆಟ್ಟ ಗದ್ದೆಗೆ ಹೋಲಿಸಿದರೆ ರೋಗದ ತೀವ್ರತೆ ಶೇ. 94ರಷ್ಟು ಕಡಿಮೆಯಾಯಿತು, ಇಳುವರಿ ಶೇ. 89ರಷ್ಟು ಜಾಸ್ತಿಯಾಯಿತು. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಒಂದೇ ತಳಿ ಎಲ್ಲ ಕಡೆ ಹಾಕಬಾರದು ಅನ್ನುವುದು ಈ ಭಾಗದ ಹಳೆಯ ರೈತರಿಗೆ ಹೊಸ ಮಾತೇನಲ್ಲ. ಮಾರ್ಗದರ್ಶಿಯ ಸ್ವಂತ ಗದ್ದೆಗಳಲ್ಲೂ ಎತ್ತರಕ್ಕೆ ತಕ್ಕಂತೆ ಬೇರೆಬೇರೆ ತಳಿ ಇದೆ. ಈ ಮಾತು ಬಂದಾಗ ಅವರು ಅರ್ಧ ಗಂಟೆ ಬಿಡದೆ ಮಾತಾಡಿದರು, ಹುಡುಗಿಗೆ ಅನುವಾದ ಮಾಡಿ ಸುಸ್ತಾಯಿತು.

ಅಜೆಕೆ ಹಳ್ಳಿ ಈ ನಡಿಗೆಯಲ್ಲಿ ಸ್ವಲ್ಪ ಬೇರೆ ಥರದ ಜಾಗ. ಹುಲ್ಲಿನ ಮಾಡಿನ ಮನೆಗಳು ಚೆನ್ನಾಗಿ ಉಳಿದಿರುವ ಊರು. 2018ರಲ್ಲಿ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ತಂಡದ ನೆರವಿನಿಂದ ಊರಿನವರೇ ಸೇರಿ ಪ್ರವಾಸೋದ್ಯಮ ಕಂಪನಿ ಮಾಡಿಕೊಂಡರು. ಆದಾಯದಲ್ಲಿ ಶೇ. 30 ಕಂಪನಿಗೆ, ಶೇ. 70 ಊರಿನವರಿಗೆ. ಆ ಶೇ. 70ರ ಹಂಚಿಕೆ ನನಗೆ ಬಹಳ ಇಷ್ಟವಾಯಿತು. ಅದರಲ್ಲಿ ಶೇ. 40 ಹಳೆಯ ಮನೆ ಉಳಿಸಿಕೊಂಡವರಿಗೆ, ಶೇ. 30 ಗದ್ದೆ ಬೇಸಾಯ ಮುಂದುವರಿಸಿದವರಿಗೆ, ಶೇ. 20 ಊರಲ್ಲೇ ವಾಸ ಇರುವವರಿಗೆ, ಶೇ. 10 ಸರ್ಕಾರಿ ದಾಖಲೆಯಲ್ಲಿ ಊರಿನವರೆಂದು ನೋಂದಣಿ ಇರುವವರಿಗೆ. ಮರದ ತುಂಡಿನ ಕಚ್ಚುಗಳಲ್ಲಿ ನೀರು ಹಂಚಿದ ಜನ ಈಗ ಹಣವನ್ನೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಹಂಚುತ್ತಿದ್ದಾರೆ. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಈ ಊರನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಬೇರೆ ಕಡೆ ಎಷ್ಟೋ ಯುವಕರು ಕೂಲಿಗೆ ಪಟ್ಟಣಕ್ಕೆ ಹೋಗುತ್ತಾರೆ, ಭತ್ತ ಬಿಟ್ಟ ಗದ್ದೆಯಲ್ಲಿ ಉಳಿದವರು ಮೆಕ್ಕೆಜೋಳ ಹಾಕುತ್ತಾರೆ. ಒಮ್ಮೆ ಒಣಗಲು ಬಿಟ್ಟ ಗದ್ದೆಯನ್ನು ಮತ್ತೆ ನೀರು ಹಿಡಿಯುವ ಹಾಗೆ ಮಾಡುವುದು ಬಹಳ ಕಷ್ಟ. ಅದಕ್ಕೇ ಬೇಸಾಯ ಮಾಡುವವನಿಗೆ ನೇರ ಹಣ ಸಿಗುವ ಇಂಥ ಏರ್ಪಾಡು ಮುಖ್ಯ.

ಊಟ ಸರಳ, ರುಚಿ ಚೆನ್ನಾಗಿದೆ. ಕೆಂಪಕ್ಕಿ ಅನ್ನ, ಗದ್ದೆಯ ಮೀನು, ಉಪ್ಪು ಹಾಕಿದ ಬಾತುಮೊಟ್ಟೆ, ಬೇಯಿಸಿದ ಸೊಪ್ಪು, ಅದ್ದಿಕೊಳ್ಳಲು ಮೆಣಸಿನಕಾಯಿ, ಸೊಪ್ಪುಗಳು, ಹುದುಗಿಸಿದ ಸೋಯಾ ಹಾಕಿದ ಒಂದು ಖಾರದ ರಸ. ಆ ರಸ ಇದ್ದರೆ ಬರೀ ಅನ್ನವೂ ಹೋಗುತ್ತದೆ. ಸಸ್ಯಾಹಾರಿಗಳು ಹುಷಾರು. ಸೊಪ್ಪನ್ನೂ ಹಂದಿ ಕೊಬ್ಬಿನಲ್ಲಿ ಹುರಿಯುವುದು ಇಲ್ಲಿ ಸಾಮಾನ್ಯ. ಹಿಂದಿನ ರಾತ್ರಿಯೇ ಬಿಡಿಸಿ ಹೇಳಿದರೆ ಎಣ್ಣೆಯಲ್ಲಿ ಬೇರೆ ಮಾಡಿಕೊಡುತ್ತಾರೆ. ಊಟದ ಹೊತ್ತಿನಲ್ಲಿ ಹೇಳಿದರೆ ಅನ್ನ, ಖಾರ ಅಷ್ಟೇ ಗತಿ.

ಕುಂದುಗಳು. ತುಸಿ ಕಚೇರಿ ಬಿಟ್ಟದ್ದು ಹೇಳಿದೆ. ಉಳಿದ ಅರ್ಧ ಅಂಕ ವ್ಯಾನಿನವನಿಗೆ. ಇಳಿಜಾರಿನ ತಿರುವುಗಳಲ್ಲಿ ಅವನು ಓಡಿಸಿದ ವೇಗಕ್ಕೆ ಎಲ್ಲರೂ ಸೀಟು ಗಟ್ಟಿ ಹಿಡಿದು ಕೂತಿದ್ದೆವು, ನಿಧಾನ ಹೋಗಿ ಅಂತ ಹೇಳಿದರೂ ಕೇಳಲಿಲ್ಲ. ಮನೆಯವರಿಗೆ ಇದನ್ನು ತಿಳಿಸಿದ್ದೇನೆ, ಬೇರೆ ಗಾಡಿ ಮಾಡುತ್ತೇವೆ ಅಂದಿದ್ದಾರೆ. ಬುಕ್ ಮಾಡುವಾಗ ನೀವೂ ಕೇಳಿ. ಮಂಜು ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಇಡೀ ದಿನ ಹತ್ತಡಿ ಆಚೆ ಏನೂ ಕಾಣುವುದಿಲ್ಲ. ನೋಟಕ್ಕಾಗಿಯೇ ಬಂದವರಿಗೆ ಅದು ನಷ್ಟ, ಈ ನಡಿಗೆಗೆ ಅಷ್ಟು ನಷ್ಟ ಅಲ್ಲ, ಕಾಲುವೆ ಮಂಜಿನಲ್ಲೂ ಕಾಣುತ್ತದೆ. ಬದುಗಳು ಜಾರುತ್ತವೆ. ಮಂಡಿ ನೋವಿರುವವರಿಗೆ, ತೀರಾ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬರುವವರಿಗೆ ಇದು ಬೇಡ. ದಾರಿಯಲ್ಲಿ ಶೌಚಾಲಯ ಅಜೆಕೆ ತಲುಪುವವರೆಗೆ ಇಲ್ಲ.

ಕೊನೆಯ ಭಾಗ ನಾನ್‌ಷಾ. ಬಹಳ ಜನ ಇದನ್ನು ಬೇಡ ಅನ್ನುತ್ತಾರಂತೆ, ಸುಮ್ನೆ ಒಂದು ಬಿಸಿ ಪೇಟೆ ಅಂತ. ಬಿಡಬೇಡಿ. ಕೌಂಟಿಯ ಹಳೆಯ ಕೇಂದ್ರ ಮೇಲಿನ ಶಿನ್‌ಜ್ಯೆ ಆಗಿತ್ತು. ಆ ಪೇಟೆ ನಿಂತ ಗುಡ್ಡವೇ ಜಾರಲು ಶುರುವಾದ ಮೇಲೆ 1990ರ ದಶಕದಲ್ಲಿ ಕಚೇರಿಗಳನ್ನು ಕೆಳಗೆ ನದಿ ಪಕ್ಕದ ನಾನ್‌ಷಾಗೆ ಇಳಿಸಿದರು. ಸಾವಿರ ವರ್ಷ ಇದೇ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸಿದ ಗದ್ದೆಗಳ ಪಕ್ಕದಲ್ಲೇ ಒಂದು ಪೇಟೆ ನಿಲ್ಲಲಾಗದೆ ಕೆಳಗಿಳಿಯಿತು. ಇಲ್ಲಿ ಸೇತುವೆ ಮೇಲೆ ನಿಂತರೆ ಕೆಳಗೆ ಕೆಂಪು ಮಣ್ಣಿನ ಬಣ್ಣದ ನದಿ, ಮೇಲೆ ಬೆಳಗ್ಗೆ ನಾವಿದ್ದ ಗುಡ್ಡ ಮೋಡದಲ್ಲಿ. ಬಿಸಿಲು ಮಾತ್ರ ಸಿಕ್ಕಾಪಟ್ಟೆ, ಸ್ವೆಟರ್ ತೆಗೆದು ಚೀಲಕ್ಕೆ ತುರುಕಬೇಕು.

ಹೋಗುವವರಿಗೆ ಕೆಲವು ಮಾತು. ನೀರು ತುಂಬಿದ ಗದ್ದೆ ಬೇಕಾದರೆ ಡಿಸೆಂಬರ್‌ನಿಂದ ಮಾರ್ಚ್, ಹಸಿರು ಬೇಕಾದರೆ ಜುಲೈ, ಆಗಸ್ಟ್, ಬಂಗಾರದ ಬಣ್ಣ ಬೇಕಾದರೆ ಕೊಯ್ಲಿಗೆ ಮುಂಚೆ. ಚೀನಾದ ಹೊಸವರ್ಷದ ರಜೆಯಲ್ಲಿ ಬೇಡ, ರೂಮು ಸಿಗುವುದಿಲ್ಲ, ಸಿಕ್ಕರೂ ದರ ಎರಡು ಮೂರು ಪಟ್ಟು. ನಡಿಗೆಗೆ ನಾವು ಕೊಟ್ಟದ್ದು ತಲೆಗೆ ಕೆಲವು ನೂರು ಯುವಾನ್, ಊಟ, ವ್ಯಾನು ಸೇರಿ. ಪ್ರವೇಶದ ಟಿಕೆಟ್‌ಗಳು ಬೇರೆ. ಹಣ ಕೊಡಲು ಅಲ್ಲಿನ ಪಾವತಿ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡ್ ಮೊದಲೇ ಜೋಡಿಸಿಕೊಳ್ಳಿ, ಸಂತೆಗೆ ಸ್ವಲ್ಪ ನೋಟೂ ಇರಲಿ. ಯುನ್ನಾನಿನ ರಾಜಧಾನಿ ಕುನ್ಮಿಂಗ್‌ನಿಂದ ನೇರ ಬಸ್ಸಿನಲ್ಲಿ ಆರೇಳು ಗಂಟೆ ಹಿಡಿಯುತ್ತದೆ. ಜಿಯಾನ್‌ಶುಯಿವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯುವುದು ಆರಾಮ, ಆ ಹಳೆಯ ಊರನ್ನೂ ನೋಡಿದ ಹಾಗಾಗುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ: ಬಸ್ಸಿನ ಮೇಲೆ ಯುವಾನ್‌ಯಾಂಗ್ ಅಂತ ಇದ್ದರೆ ಅದು ಕೆಳಗಿನ ನಾನ್‌ಷಾದಲ್ಲೇ ನಿಂತುಬಿಡಬಹುದು. ಗದ್ದೆಗಳ ಹತ್ತಿರದ ಪೇಟೆ ಶಿನ್‌ಜ್ಯೆ, ಅದು ಅಲ್ಲಿಂದ ಸುಮಾರು 30 ಕಿಲೋಮೀಟರ್ ಮೇಲೆ. ಟಿಕೆಟ್ ತೆಗೆಯುವಾಗ ಶಿನ್‌ಜ್ಯೆ ಅಂತಲೇ ಕೇಳಿ, ಅಲ್ಲಿಂದ ದುವೊಯಿಶು ಕಡೆಗೆ ಹಂಚಿಕೊಂಡು ಹೋಗುವ ವ್ಯಾನುಗಳು ಸಿಗುತ್ತವೆ.